ಓದು ಮುಗಿಯುವುದಿಲ್ಲ, ಊಟಕ್ಕೆ ಹೋಗಿ

ವಿದೇಶದಲ್ಲಿ ಓದುವ ನಮ್ಮ ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸ. ಅಕ್ಟೋಬರ್ ಬಂತೆಂದರೆ ಕರೆಗಳು ಹೆಚ್ಚುತ್ತವೆ. ಅಮೆರಿಕದ ಕಾಲೇಜುಗಳಲ್ಲಿ ಮಿಡ್‌ಟರ್ಮ್, ಅಂದರೆ ಸೆಮಿಸ್ಟರ್ ನಡುವಿನ ಪರೀಕ್ಷೆಗಳ ಹೊತ್ತು ಅದು. ವಿಜ್ಞಾನ, ಸಾಹಿತ್ಯ, ಇತಿಹಾಸ ಎಲ್ಲವನ್ನೂ ಬೆರೆಸಿ ಓದಿಸುವ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿಗೆ ಸೇರಿದವರು ಬಹುತೇಕ ಒಂದೇ ಮಾತು ಹೇಳುತ್ತಾರೆ: "ಮ್ಯಾಮ್, ಈ ವಾರದ್ದೆಲ್ಲ ಓದಿ ಮುಗಿಸ್ತೀನಿ, ಆಮೇಲೆ ಫ್ರೆಂಡ್ಸ್ ಜೊತೆ ಹೋಗ್ತೀನಿ."

ಪಿಯುಸಿ, ಸಿಇಟಿ ದಾಟಿ ಬಂದವರಿಗೆ ಇದು ಸಹಜ. ಅಲ್ಲಿ ಸಿಲಬಸ್ಸಿಗೊಂದು ಕೊನೆ ಇತ್ತು, ಪರೀಕ್ಷೆ ಮುಗಿದರೆ ರಜೆ ಇತ್ತು. ಫಿಲಡೆಲ್ಫಿಯಾ ಬಳಿಯ ಸ್ವಾರ್ಥ್‌ಮೋರ್‌ನಂಥ ಕಾಲೇಜಿನಲ್ಲಿ ಆ ಕೊನೆ ಬರುವುದೇ ಇಲ್ಲ. ಒಂದು ಸೆಮಿಸ್ಟರಿಗೆ ಸಾಮಾನ್ಯವಾಗಿ 4 ಕೋರ್ಸು. ಅದರಲ್ಲಿ ಒಂದು ಇತಿಹಾಸ, ಒಂದು ತತ್ವಶಾಸ್ತ್ರ ಇದ್ದರೆ ವಾರಕ್ಕೆ ನೂರಾರು ಪುಟ. ಇಡೀ ಪುಸ್ತಕವನ್ನು ಅಕ್ಷರ ಬಿಡದೆ ಓದಲಿ ಎಂದು ಪ್ರೊಫೆಸರ್ ಕೊಡುವುದಿಲ್ಲ. ಲೇಖಕರ ವಾದ ಏನು, ಅದನ್ನು ಎಲ್ಲಿ ಪ್ರಶ್ನಿಸಬಹುದು ಎಂದು ಹುಡುಕಲಿ ಎಂದು ಕೊಡುತ್ತಾರೆ. ಇದು ತಿಳಿಯದವರು ಪ್ರತಿ ಸಾಲಿಗೂ ಹೈಲೈಟರ್ ಎಳೆಯುತ್ತಾ ರಾತ್ರಿ ಎರಡು ಗಂಟೆ ಮಾಡುತ್ತಾರೆ.

ಧಾರವಾಡ ಕಡೆಯ ಒಬ್ಬ ಹುಡುಗಿ ತನ್ನ ವಾರದ ಕ್ಯಾಲೆಂಡರನ್ನು ಸ್ಕ್ರೀನ್ ಮೇಲೆ ತೋರಿಸಿದಳು. ಲ್ಯಾಬ್ ಕೆಂಪು, ರೀಡಿಂಗ್ ನೀಲಿ, ಪ್ರಾಬ್ಲಮ್ ಸೆಟ್ (ಬಿಡಿಸಿ ಒಪ್ಪಿಸಬೇಕಾದ ಲೆಕ್ಕಗಳು) ಹಸಿರು. ಊಟಕ್ಕೆ ಹತ್ತು ನಿಮಿಷ, ಅದೂ ರೂಮಿನಲ್ಲೇ. ಇಡೀ ವಾರದಲ್ಲಿ ಒಬ್ಬ ಮನುಷ್ಯರ ಹೆಸರೂ ಇರಲಿಲ್ಲ. ನಾನು ಮೊದಲು ಬದಲಾಯಿಸಿದ್ದು ರಾತ್ರಿಯ ಊಟವನ್ನು: ವಾರಕ್ಕೆ ಮೂರು ದಿನ, ಡೈನಿಂಗ್ ಹಾಲಿನಲ್ಲಿ, ಯಾರಾದರೊಬ್ಬರ ಜೊತೆ. ಎರಡನೆಯದು ಪ್ರಾಬ್ಲಮ್ ಸೆಟ್. ಬಾಗಿಲು ಹಾಕಿಕೊಂಡು ಒಬ್ಬಳೇ ಒದ್ದಾಡುವ ಬದಲು ಕ್ಲಾಸಿನವರ ಜೊತೆ ಬೋರ್ಡಿನ ಮುಂದೆ ಕೂರು ಎಂದೆ. ಎಷ್ಟರಮಟ್ಟಿಗೆ ಒಟ್ಟಿಗೆ ಮಾಡಬಹುದು ಎಂದು ಸಾಮಾನ್ಯವಾಗಿ ಆಯಾ ಕೋರ್ಸಿನ ಸಿಲಬಸ್ಸಿನಲ್ಲೇ ಬರೆದಿರುತ್ತದೆ, ಅದನ್ನು ನೋಡಿಕೊಂಡೇ ಮಾಡಬೇಕು. ಅವಳ ಮೊದಲ ಗೆಳತಿ ಸಿಕ್ಕಿದ್ದು ಆ ಬೋರ್ಡಿನ ಮುಂದೆಯೇ.

ಇಲ್ಲಿ ಓದು ಬೇರೆ, ಒಡನಾಟ ಬೇರೆ ಅಲ್ಲ ಎಂಬುದು ಹೆತ್ತವರಿಗೂ ಗೊತ್ತಿರಬೇಕು. ಸ್ವಾರ್ಥ್‌ಮೋರ್‌ನಲ್ಲಿ 1922ರಲ್ಲಿ ಆಗಿನ ಅಧ್ಯಕ್ಷ ಫ್ರಾಂಕ್ ಐಡಲಾಟ್ ಶುರುಮಾಡಿದ ಆನರ್ಸ್ ಪದ್ಧತಿ ಇಂದಿಗೂ ಇದೆ. ಏಳೆಂಟು ಜನ ಪ್ರೊಫೆಸರ್ ಜೊತೆ ಮೇಜಿನ ಸುತ್ತ ಕೂತು ಗಂಟೆಗಟ್ಟಲೆ ಚರ್ಚಿಸುತ್ತಾರೆ, ಕೊನೆಗೆ ಪರೀಕ್ಷಿಸುವವರು ಹೊರಗಿನ ವಿದ್ವಾಂಸರು. ಆ ಸೆಮಿನಾರಿನ ನಡುವೆ ತಿಂಡಿಗೆ ಬಿಡುವು ಇರುತ್ತದೆ, ಸರದಿಯಂತೆ ತಿಂಡಿ ತರುವ ರೂಢಿಯೂ ಉಂಟು. ಒಬ್ಬರೇ ಓದಿ ಅಭ್ಯಾಸವಾದವರಿಗೆ ಆ ಮೇಜು ಬಲು ಕಷ್ಟ.

ಸಣ್ಣ ಕಾಲೇಜಿಗೆ ಅದರದೇ ತೊಂದರೆಯೂ ಇದೆ. ಸ್ವಾರ್ಥ್‌ಮೋರ್‌ನಲ್ಲಿ ಇರುವುದೇ ಸುಮಾರು 1,700 ವಿದ್ಯಾರ್ಥಿಗಳು. ಜಗಳವಾಡಿದ ರೂಮ್‌ಮೇಟ್ ನಾಳೆ ಲ್ಯಾಬ್ ಪಾರ್ಟ್‌ನರ್ ಆಗಿ ಎದುರು ನಿಲ್ಲಬಹುದು. ಹಾಗಾಗಿ ಆಗಾಗ ಕ್ಯಾಂಪಸ್ ಬಿಟ್ಟು ಹೊರಗೆ ಹೋಗಬೇಕು. ಕ್ಯಾಂಪಸ್ ಬುಡದಲ್ಲೇ ರೈಲು ನಿಲ್ದಾಣವಿದೆ, ಅರ್ಧ ಗಂಟೆ ಆಸುಪಾಸಿನಲ್ಲಿ ಫಿಲಡೆಲ್ಫಿಯಾ. ಹತ್ತಿರದ ಹ್ಯಾವರ್‌ಫರ್ಡ್, ಬ್ರಿನ್ ಮಾರ್ ಕಾಲೇಜುಗಳಲ್ಲೂ ಕೋರ್ಸು ತೆಗೆದುಕೊಳ್ಳಬಹುದು. ಯಾರಿಗೆ ಹೆಚ್ಚು ಕೆಲಸ, ಯಾರಿಗೆ ಕಡಿಮೆ ನಿದ್ದೆ ಎಂದು ಪೈಪೋಟಿಗೆ ಬಿದ್ದು ಹೇಳಿಕೊಳ್ಳುವುದನ್ನು ಸ್ವಾರ್ಥ್‌ಮೋರ್ ಮಕ್ಕಳು ಮಿಸರಿ ಪೋಕರ್ ಅನ್ನುತ್ತಾರೆ. ಆ ಮಾತು ಶುರುವಾದರೆ ಎದ್ದು ಬನ್ನಿ.

ಸ್ವಾರ್ಥ್‌ಮೋರ್‌ನಲ್ಲಿ ಮೊದಲ ಸೆಮಿಸ್ಟರಿನಲ್ಲಿ ಪಾಸಾದರೆ ಕ್ರೆಡಿಟ್ ಅಷ್ಟೇ, ಗ್ರೇಡ್ ಅಂಕಪಟ್ಟಿಗೆ ಹೋಗುವುದಿಲ್ಲ. ಗ್ರೇಡ್ ಇಲ್ಲವಲ್ಲ ಎಂದು ಕಠಿಣ ಕೋರ್ಸುಗಳನ್ನೇ ತುಂಬಿಕೊಳ್ಳುವವರಿದ್ದಾರೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಆ ತಿಂಗಳುಗಳು ಇರುವುದು ಹೇಗೆ ಓದಬೇಕು, ಯಾರ ಜೊತೆ ಓದಬೇಕು ಎಂದು ಕಂಡುಕೊಳ್ಳುವುದಕ್ಕೆ.

ಅಪ್ಪ ಅಮ್ಮಂದಿರಿಗೆ ಒಂದು ವಿನಂತಿ. ಬೆಳಗಿನ ಕಾಫಿ ಹೊತ್ತಿಗೆ, ಎಂಟು ಗಂಟೆಗೆ, ನೀವು ಮಾಡುವ ಕರೆ ಪೆನ್ಸಿಲ್ವೇನಿಯಾದಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆಗೆ ತಲುಪುತ್ತದೆ. ಹಾಸ್ಟೆಲಿನವರು ಗುಂಪಾಗಿ ಓದಲು, ಹರಟಲು ಸೇರುವ ಹೊತ್ತು ಅದು. ನಿಮ್ಮ ಕರೆ ಬಂತೆಂದು ಮಗು ರೂಮಿಗೆ ಓಡುತ್ತದೆ. ಶನಿವಾರ ರಾತ್ರಿ ಎಂಟಕ್ಕೆ ಮಾಡಿ, ಅಲ್ಲಿ ಬೆಳಗಾಗಿರುತ್ತದೆ. "ಎಷ್ಟು ಮಾರ್ಕ್ಸ್ ಬಂತು?" ಎನ್ನುವ ಮೊದಲು "ಯಾರ ಜೊತೆ ಊಟ ಮಾಡಿದೆ?" ಎಂದು ಕೇಳಿ.

ಹಿಂದೆ ಬಿದ್ದಾಗ ಮಕ್ಕಳು ಮೊದಲು ತಪ್ಪಿಸಿಕೊಳ್ಳುವುದು ಪ್ರೊಫೆಸರಿಂದ. ಹನ್ನೆರಡು ಜನರ ಕ್ಲಾಸಿನಲ್ಲಿ ನೀವು ಬಾರದಿದ್ದರೆ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಗಡುವಿಗೆ ಎರಡು ದಿನ ಮುಂಚೆ ಎರಡು ಸಾಲಿನ ಇಮೇಲ್ ಸಾಕು: "ಪೇಪರಿನ ಎರಡನೇ ಭಾಗದಲ್ಲಿ ಸಿಕ್ಕಿಕೊಂಡಿದ್ದೇನೆ. ಆಫೀಸ್ ಅವರ್ಸ್‌ಗೆ ಬರಲೇ?" ಆಫೀಸ್ ಅವರ್ಸ್ ಅಂದರೆ ವಿದ್ಯಾರ್ಥಿಗಳನ್ನು ಕಾಣಲೆಂದೇ ಪ್ರೊಫೆಸರ್ ಮೀಸಲಿಡುವ ಹೊತ್ತು. ಬರವಣಿಗೆಗೆ ನೆರವಾಗಲು ತರಬೇತಾದ ರೈಟಿಂಗ್ ಅಸೋಸಿಯೇಟ್‌ಗಳೂ ಇದ್ದಾರೆ, ಅವರೂ ವಿದ್ಯಾರ್ಥಿಗಳೇ. ಕೋರ್ಸು ಬಿಡಲೇಬೇಕೆಂದಿದ್ದರೆ ಎಫ್-1 (ವಿದ್ಯಾರ್ಥಿ) ವೀಸಾದವರು ಬಿಡುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಬನ್ನಿ. ಅನುಮತಿಯಿಲ್ಲದೆ ಪೂರ್ಣಾವಧಿ ವಿದ್ಯಾರ್ಥಿಯ ಮಟ್ಟಕ್ಕಿಂತ ಕೆಳಗಿಳಿದರೆ ವೀಸಾ ಸ್ಥಿತಿಗೇ ಕುತ್ತು.