ಕಾಗದ ಯಾರ ಮನೆಯಲ್ಲಿ ಉಳಿಯಿತು? ಅಮೆರಿಕದ ಗುಲಾಮಗಿರಿ ವಿರೋಧಿ ಚಳವಳಿಯ ಕಡತ ಓದುವವರಿಗೆ ಟಿಪ್ಪಣಿ

1830ರ ಡಿಸೆಂಬರ್ 31ರಂದು ಫಿಲಡೆಲ್ಫಿಯಾದ ಜೇಮ್ಸ್ ಫೋರ್ಟೆನ್ ಬಾಸ್ಟನ್‌ಗೆ ಒಂದು ಕಾಗದ ಬರೆದು, ಜೊತೆಗೆ 54 ಡಾಲರ್ ಕಳಿಸಿದ. ಹೊಸದೊಂದು ವಾರಪತ್ರಿಕೆಗೆ 27 ಜನರ ಚಂದಾ ಅದು, ತಲಾ 2 ಡಾಲರ್. ಪತ್ರಿಕೆಯ ಮೊದಲ ಸಂಚಿಕೆ ಹೊರಬಂದದ್ದು ಮಾರನೆಯ ದಿನ, 1831ರ ಜನವರಿ 1ಕ್ಕೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ನಾವು ಹಂಗಿಸುತ್ತೇವಲ್ಲ, ಇಲ್ಲಿ ಕುಲಾವಿಯೇ ಕೂಸಿನ ಜೀವ ಹಿಡಿದಿತ್ತು. ಕೂಸಿನ ಹೆಸರು 'ದಿ ಲಿಬರೇಟರ್', ಗುಲಾಮಗಿರಿ ಕೊನೆಗಾಣಬೇಕೆಂದು ಹೋರಾಡಿದ ಪತ್ರಿಕೆ. ಸಂಪಾದಕ ವಿಲಿಯಂ ಲಾಯ್ಡ್ ಗ್ಯಾರಿಸನ್‌ಗೆ ಆಗ 25 ವರ್ಷ, ಕೈಯಲ್ಲಿ ಕಾಸಿಲ್ಲ. ಫೋರ್ಟೆನ್ ಹುಟ್ಟಿನಿಂದಲೇ ಸ್ವತಂತ್ರನಾಗಿದ್ದ ಕಪ್ಪು ಅಮೆರಿಕನ್, ಹಡಗಿನ ಹಾಯಿ ಹೊಲಿಸುವ ದೊಡ್ಡ ಕಾರ್ಖಾನೆಯ ಮಾಲೀಕ. ಪತ್ರಿಕೆಯ ಮೊದಮೊದಲ ಚಂದಾದಾರರಲ್ಲಿ ಬಹುಪಾಲು ಅವನಂಥ ಕಪ್ಪು ಓದುಗರೇ.

ಈಗ ಆ ಕಾಗದ ಎಲ್ಲಿದೆ? ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿ, ಗ್ಯಾರಿಸನ್‌ಗೆ ಬಂದ ಪತ್ರಗಳ ರಾಶಿಯಲ್ಲಿ. ಬರೆದವನು ಫೋರ್ಟೆನ್, ಉಳಿಸಿಕೊಂಡವನು ಗ್ಯಾರಿಸನ್, ಆಮೇಲೆ ದಾನ ಕೊಟ್ಟವರು ಗ್ಯಾರಿಸನ್ ಕುಟುಂಬದವರು. ಈ ಟಿಪ್ಪಣಿಯಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಒಂದು ಕಾಗದದಲ್ಲಿ ಏನಿದೆ ಎಂದು ನೋಡುವ ಮೊದಲು ಅದು ಯಾರ ಮನೆಯಲ್ಲಿ ಉಳಿಯಿತು, ಯಾಕೆ ಉಳಿಯಿತು ಎಂದು ಕೇಳಬೇಕು. ಸೂಚಿಪಟ್ಟಿಯಲ್ಲಿ ಕಾಣುವ ದೊಡ್ಡ ಹೆಸರು ಬಹಳ ಸಲ ಪೆಟ್ಟಿಗೆಯ ಒಡೆಯನದು. ಒಳಗಿನ ದನಿ ಬೇರೆಯವರದು.

ಬಾಸ್ಟನ್ನಿನ ಆ ಸಂಗ್ರಹ ಸಣ್ಣದಲ್ಲ. ಪತ್ರ, ಕರಪತ್ರ, ಪತ್ರಿಕೆ, ಪುಸ್ತಕ, ನೆನಪಿನ ವಸ್ತುಗಳು ಸೇರಿ ಸುಮಾರು 40,000. ಗ್ಯಾರಿಸನ್ ಮನೆತನದವರೂ ಅವನ ಜೊತೆಗಾರರ ಮನೆಯವರೂ 19ನೆಯ ಶತಮಾನದ ಕೊನೆಯ ಹೊತ್ತಿಗೆ ಕೊಟ್ಟದ್ದು. 2018ರಲ್ಲಿ ಗ್ರಂಥಾಲಯ ಕೈಬರಹದ ಪತ್ರಗಳನ್ನು ಅಂತರಜಾಲಕ್ಕೇರಿಸಿ, ಓದಿ ಟೈಪು ಮಾಡಿಕೊಡಿ ಎಂದು ಊರವರನ್ನೆಲ್ಲ ಕರೆಯಿತು. ಸ್ವಯಂಸೇವಕರು 12,000ಕ್ಕೂ ಹೆಚ್ಚು ಪತ್ರ ಮುಗಿಸಿದರು. ಹಾಗಾಗಿ ಇವತ್ತು ನಮ್ಮಂಥವರಿಗೆ ಮೂಲದ ಚಿತ್ರವೂ ಟೈಪಾದ ಪಠ್ಯವೂ ಒಟ್ಟಿಗೇ ಸಿಗುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ಯುಯೆಲ್ ಜೆ. ಮೇ ಎಂಬ ಪಾದ್ರಿ 1870ರಲ್ಲಿ ಕೊಟ್ಟ ಸಂಗ್ರಹವಿದೆ. ಅದು ಬಹುಪಾಲು ಕರಪತ್ರ, 10,000ದಷ್ಟು. ವಾದ ತಿಳಿಯಲು ಕರಪತ್ರ ಸಾಕು, ಮನುಷ್ಯರನ್ನು ತಿಳಿಯಲು ಪತ್ರವೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಉಳಿಯದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಫ್ರೆಡರಿಕ್ ಡಗ್ಲಸ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, 1847ರಿಂದ ರಾಚೆಸ್ಟರ್ ಊರಿನಲ್ಲಿ ತನ್ನದೇ ಪತ್ರಿಕೆ ನಡೆಸಿದವನು. 1872ರ ಜೂನ್‌ನಲ್ಲಿ ಅವನ ಅಲ್ಲಿನ ಮನೆ ಸುಟ್ಟುಹೋಯಿತು. ವರ್ಷಗಟ್ಟಲೆ ಕೂಡಿಟ್ಟ ಪತ್ರಿಕೆಯ ಸಂಪುಟಗಳೂ ಕಾಗದಪತ್ರಗಳೂ ಅದರ ಜೊತೆಗೇ ಹೋದವು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಡಗ್ಲಸ್ ಕಡತಗಳಲ್ಲಿ ಮೊದಲ ದಶಕಗಳು ತೆಳ್ಳಗಿದ್ದರೆ ಆತ ಕಡಿಮೆ ಬರೆದ ಎಂದುಕೊಳ್ಳಬಾರದು.

ಇನ್ನು ಕಾಗದವನ್ನು ಕೈಗೆತ್ತಿಕೊಂಡಾಗ, ಅಂದರೆ ಪರದೆಯ ಮೇಲೆ ತೆರೆದಾಗ. 1845ರವರೆಗೆ ಅಲ್ಲಿ ಅಂಚೆ ದರ ಇದ್ದದ್ದು ತೂಕಕ್ಕಲ್ಲ, ಹಾಳೆಯ ಲೆಕ್ಕಕ್ಕೆ ಮತ್ತು ದೂರಕ್ಕೆ. 1830ರ ದಶಕದಲ್ಲಿ 150ರಿಂದ 400 ಮೈಲಿ ಹೋಗುವ ಒಂದೇ ಹಾಳೆಗೆ 18¾ ಸೆಂಟ್; ಎರಡು ಹಾಳೆಯಾದರೆ ದುಪ್ಪಟ್ಟು. ಲಕೋಟೆಯೂ ಒಂದು ಹಾಳೆಯೇ. ಹಣ ಕೊಡುತ್ತಿದ್ದವರು ಸಾಮಾನ್ಯವಾಗಿ ಕಾಗದ ಪಡೆದವರು. ಹಾಗಾಗಿ ಲಕೋಟೆಯಿಲ್ಲ. ಹಾಳೆಯನ್ನೇ ಮಡಚಿ, ಅರಗು ಒತ್ತಿ, ಹೊರಮೈಮೇಲೆ ವಿಳಾಸ. ಜಾಗ ಮುಗಿದರೆ ಅಂಚಿನಲ್ಲಿ, ಅಂಚೂ ಮುಗಿದರೆ ಹಾಳೆಯನ್ನು ಅಡ್ಡ ತಿರುಗಿಸಿ ಬರೆದದ್ದರ ಮೇಲೆಯೇ ಮತ್ತೊಂದು ಸಾಲು. ಮೊದಲ ಸಲ ನೋಡಿದಾಗ ಬುಟ್ಟಿ ಹೆಣೆದಂತೆ ಕಂಡೀತು. ನಮ್ಮ ಮನೆಗಳಲ್ಲಿ ಇನ್‌ಲ್ಯಾಂಡ್ ಪತ್ರದ ಮಡಿಕೆಯಂಚಿನವರೆಗೂ ಇರುವೆ ಸಾಲಿನಂತೆ ಬರೆಯುತ್ತಿದ್ದ ಅಜ್ಜಿಯರನ್ನು ಕಂಡವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಓದುವ ಉಪಾಯ: ಚಿತ್ರವನ್ನು ತಿರುಗಿಸಿಕೊಳ್ಳಿ, ಒಂದು ದಿಕ್ಕಿನ ಸಾಲನ್ನು ಮಾತ್ರ ಕಣ್ಣಿಗೆ ಕಟ್ಟಿಕೊಂಡು ಹೋಗಿ, ಅಡ್ಡ ಸಾಲು ಇಲ್ಲವೇ ಇಲ್ಲ ಎಂದುಕೊಳ್ಳಿ. ಹತ್ತು ನಿಮಿಷದಲ್ಲಿ ಕಣ್ಣು ಪಳಗುತ್ತದೆ.

ನಾನು ಎಡವಿದ್ದು ತಾರೀಖಿನಲ್ಲಿ. '12 ಮೋ. 29' ಎಂದು ತಲೆಯಲ್ಲಿ ಬರೆದಿದ್ದ ಕಾಗದವನ್ನು 'ಹನ್ನೆರಡು ತಿಂಗಳು' ಎಂದು ಓದಿಕೊಂಡು, ಯಾವುದರ ಅವಧಿ ಇದು ಎಂದು ಅರ್ಧ ದಿನ ತಲೆ ಕೆರೆದುಕೊಂಡೆ. ಅದು ಹನ್ನೆರಡನೆಯ ತಿಂಗಳ 29, ಅಷ್ಟೆ. ಚಳವಳಿಯಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಬಹಳ. ತಿಂಗಳ, ವಾರದ ಹೆಸರುಗಳು ಹಳೆಯ ದೇವತೆಗಳಿಂದ ಬಂದವು ಎಂದು ಅವರು ಅವನ್ನು ಬಳಸುತ್ತಿರಲಿಲ್ಲ. ಭಾನುವಾರ ಅವರಿಗೆ 'ಮೊದಲ ದಿನ'. ಹಾಗೆಯೇ 'ಇನ್‌ಸ್ಟ್.' ಎಂದರೆ ಇದೇ ತಿಂಗಳು, 'ಅಲ್ಟ್.' ಎಂದರೆ ಹೋದ ತಿಂಗಳು. ಹಳೆಯ ಇಂಗ್ಲಿಷ್ ಕೈಬರಹದಲ್ಲಿ ಜೋಡಿ 'ಎಸ್' ಬಂದಾಗ ಮೊದಲನೆಯದು ಉದ್ದವಾಗಿ 'ಎಫ್' ಅಥವಾ 'ಪಿ' ತರಹ ಕಾಣುತ್ತದೆ, ಅಲ್ಲಿ ಹುಷಾರು.

ನನ್ನನ್ನು ಎಡವಿಸಿದ ಆ ತಾರೀಖಿನ ಕಾಗದವನ್ನೇ ಹತ್ತಿರದಿಂದ ನೋಡೋಣ. 1854ರದು. ಬರೆದವನು ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ನಿನಲ್ಲಿ ಕಬ್ಬಿಣದ ವ್ಯಾಪಾರ ಮಾಡುತ್ತಿದ್ದ ಕ್ವೇಕರ್ ಥಾಮಸ್ ಗ್ಯಾರೆಟ್. ಬರೆದದ್ದು ಫಿಲಡೆಲ್ಫಿಯಾದ ಗುಲಾಮಗಿರಿ ವಿರೋಧಿ ಕಚೇರಿಯ ಮಿಲ್ಲರ್ ಮೆಕಿಮ್‌ಗೆ. ವಿಷಯ ಕೆಲವೇ ಸಾಲು: ನಿನ್ನೆ ರಾತ್ರಿ ಹ್ಯಾರಿಯೆಟ್ ಟಬ್ಮನ್‌ಳನ್ನೂ ಜೊತೆಗೆ ಆರು ಗಂಡಸರು, ಒಬ್ಬ ಹೆಂಗಸನ್ನೂ ಮುಂದಿನ ಮನೆಗೆ ಕಳಿಸಿದೆವು, ಹ್ಯಾರಿಯೆಟ್‌ಳದೂ ಒಬ್ಬ ಗಂಡಸಿನದೂ ಪಾದರಕ್ಷೆ ನಡೆದು ನಡೆದು ಸವೆದೇ ಹೋಗಿತ್ತು, ಸರಿಮಾಡಿಕೊಳ್ಳಲು ಎರಡು ಡಾಲರ್ ಕೊಟ್ಟೆ, ನನ್ನ ಖರ್ಚಿನಲ್ಲೇ ಗಾಡಿ ಗೊತ್ತುಮಾಡಲು ಹೇಳಿದೆ. ಈ ಹ್ಯಾರಿಯೆಟ್ ತಾನೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಮತ್ತೆ ಮತ್ತೆ ಹಿಂದಿರುಗಿ ಇತರರನ್ನು ಕರೆತರುತ್ತಿದ್ದ ಕಪ್ಪು ಹೆಂಗಸು.

ಇಡೀ ಕಾಗದದಲ್ಲಿ ಒಂದು ಘೋಷಣೆಯಿಲ್ಲ. ಸವೆದ ಪಾದರಕ್ಷೆ, ಎರಡು ಡಾಲರ್, ಗಾಡಿ ಬಾಡಿಗೆ. ಅದು 1850ರ ಕಾಯಿದೆಯ ಕಾಲ: ಓಡಿಬಂದ ಗುಲಾಮರಿಗೆ ನೆರವಾದವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಅಂಥ ಹೊತ್ತಿನಲ್ಲಿ ಹೆಸರು ಸಮೇತ ಬರೆದು ಅಂಚೆಗೆ ಹಾಕಿದ್ದಾನೆ. ಎಲ್ಲರೂ ಇಷ್ಟು ಬಿಚ್ಚಿ ಬರೆಯುತ್ತಿರಲಿಲ್ಲ. ಹ್ಯಾರಿಸ್‌ಬರ್ಗ್‌ನಿಂದ 1856ರಲ್ಲಿ ಬಂದ ಒಂದು ಚೀಟಿಯಲ್ಲಿ 'ನಾಲ್ಕು ದೊಡ್ಡ, ಎರಡು ಚಿಕ್ಕ ಹ್ಯಾಮ್ ಕಳಿಸಿದ್ದೇನೆ' ಎಂದಿದೆ. ಹ್ಯಾಮ್ ಎಂದರೆ ಹಂದಿಮಾಂಸ. ಕಳಿಸಿದ್ದು ನಾಲ್ವರು ದೊಡ್ಡವರನ್ನು, ಇಬ್ಬರು ಮಕ್ಕಳನ್ನು.

ಈ ಎರಡೂ ಕಾಗದ ನಮಗೆ ಸಿಕ್ಕಿರುವುದು ವಿಲಿಯಂ ಸ್ಟಿಲ್ ಎಂಬ ಗುಮಾಸ್ತನಿಂದ. ಗ್ಯಾರಿಸನ್‌ನ ಭಾಷಣ ಓದಿದವರು ಸ್ಟಿಲ್‌ನ ಲೆಕ್ಕದ ಪುಸ್ತಕ ಓದದೆ ಬಿಟ್ಟರೆ ಊಟಕ್ಕೆ ಕೂತು ಬರೀ ಉಪ್ಪಿನಕಾಯಿ ತಿಂದು ಎದ್ದ ಹಾಗೆ. ಸ್ಟಿಲ್ 1821ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಕಪ್ಪು ಅಮೆರಿಕನ್, ಹದಿನೆಂಟು ಮಕ್ಕಳಲ್ಲಿ ಕೊನೆಯವನು. ಫಿಲಡೆಲ್ಫಿಯಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಓಡಿಬಂದವರಿಗೆ ಆಸರೆ ಕೊಡುವ ಸಮಿತಿಯನ್ನು ನಡೆಸಿದ. ಬಂದ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳುತ್ತಿದ್ದ: ಹೆಸರೇನು, ವಯಸ್ಸೆಷ್ಟು, ಯಾವ ಊರು, ಯಜಮಾನ ಯಾರು, ಯಾರನ್ನು ಬಿಟ್ಟುಬಂದಿರಿ, ಇನ್ನು ಮುಂದೆ ಯಾವ ಹೆಸರಿಟ್ಟುಕೊಳ್ಳುತ್ತೀರಿ. ಪಕ್ಕದಲ್ಲಿ ಖರ್ಚು. 1852ರಿಂದ 1857ರವರೆಗಿನ ಆ ದಫ್ತರ ಈಗ ಪೆನ್ಸಿಲ್ವೇನಿಯಾ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ, 'ಜರ್ನಲ್ ಸಿ' ಎಂಬ ಹೆಸರಿನಲ್ಲಿ.

ಸಿಕ್ಕಿಬಿದ್ದರೆ ಎಲ್ಲರನ್ನೂ ಹಿಡಿಸಿಕೊಡಬಹುದಾದ ಪುಸ್ತಕವನ್ನು ಯಾಕೆ ಬರೆದ? ಉತ್ತರ 1850ರ ಆಗಸ್ಟ್‌ನ ಒಂದು ಭೇಟಿಯಲ್ಲಿದೆ. ಅಲಬಾಮಾದಿಂದ ಪೀಟರ್ ಎಂಬ ನಡುವಯಸ್ಸಿನವನು ಕಚೇರಿಗೆ ಬಂದ. ದುಡಿದ ದುಡ್ಡಿನಿಂದ ತನ್ನನ್ನು ತಾನೇ ಕೊಂಡು ಬಿಡಿಸಿಕೊಂಡಿದ್ದ. ಚಿಕ್ಕಂದಿನಲ್ಲಿ ತಪ್ಪಿಹೋದ ತಂದೆತಾಯಿಯನ್ನು ಹುಡುಕಬೇಕಿತ್ತು, ಆದರೆ ಕೈಯಲ್ಲಿದ್ದದ್ದು ಎರಡು ಹೆಸರು: ತಂದೆ ಲೆವಿನ್, ತಾಯಿ ಸಿಡ್ನಿ. ಬರೆದುಕೊಳ್ಳುತ್ತ ಕೂತಿದ್ದ ಸ್ಟಿಲ್‌ನ ಕೈ ನಿಂತಿರಬೇಕು. ಅವು ಅವನ ಅಪ್ಪ ಅಮ್ಮನ ಹೆಸರು. ತಾಯಿ ಮೇರಿಲ್ಯಾಂಡ್‌ನಿಂದ ತಪ್ಪಿಸಿಕೊಂಡು ಓಡುವಾಗ ಇಬ್ಬರು ಗಂಡುಮಕ್ಕಳನ್ನು ಬಿಟ್ಟುಬರಬೇಕಾಗಿತ್ತು. ಆ ಇಬ್ಬರಲ್ಲಿ ಒಬ್ಬ ಎದುರಿಗೆ ಕೂತಿದ್ದ, ಸುಮಾರು ನಲವತ್ತು ವರ್ಷದ ನಂತರ. ಕಾಣದೆ ಹೋದವರನ್ನು ಕಾಗದದ ಒಂದು ಸಾಲು ಕೂಡಿಸಬಹುದು ಎಂದು ಅಂದಿನಿಂದ ಸ್ಟಿಲ್ ಪಟ್ಟುಹಿಡಿದು ಬರೆದ. ಅಪಾಯದ ದಿನಗಳಲ್ಲಿ ಆ ಕಾಗದಗಳನ್ನು ಲೆಬನಾನ್ ಸ್ಮಶಾನದ ಕಟ್ಟಡವೊಂದರ ಅಟ್ಟದಲ್ಲಿ ಅಡಗಿಸಿಟ್ಟಿದ್ದ. ಗುಲಾಮಗಿರಿ ರದ್ದಾದ ಮೇಲೆ, 1872ರಲ್ಲಿ, ಅವನ್ನೇ ಆಧರಿಸಿ ದಪ್ಪ ಪುಸ್ತಕ ಅಚ್ಚುಹಾಕಿಸಿದ.

ಕೈಬರಹದ ದಫ್ತರ ಮತ್ತು ಆ ಅಚ್ಚಿನ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ದಫ್ತರ ಅವಸರದ್ದು, ಪುಸ್ತಕ ಗೆದ್ದ ಮೇಲೆ ಬರೆದದ್ದು. ಸ್ವರವೇ ಬೇರೆ.

ಇದೇ ಬಗೆಯದು ನ್ಯೂಯಾರ್ಕ್‌ನ ಪತ್ರಿಕಾ ಸಂಪಾದಕ ಸಿಡ್ನಿ ಹೋವರ್ಡ್ ಗೇ 1855–56ರಲ್ಲಿ ಬರೆದಿಟ್ಟ ಪುಸ್ತಕ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದೆ, 200ಕ್ಕೂ ಹೆಚ್ಚು ಜನರ ಸುದ್ದಿ ಅದರಲ್ಲಿದೆ. ಸ್ಟಿಲ್ ಕಳಿಸಿದವರು ಕೆಲವರು ಗೇ ಪುಸ್ತಕದಲ್ಲಿ ಮತ್ತೆ ಕಾಣುತ್ತಾರೆ. ಒಬ್ಬನೇ ಮನುಷ್ಯ ಎರಡು ಊರಿನಲ್ಲಿ ಹೇಳಿದ ಕಥೆಯನ್ನು ಹೋಲಿಸುವುದಕ್ಕಿಂತ ಒಳ್ಳೆಯ ಅಭ್ಯಾಸ ನಮ್ಮಂಥ ಕಲಿಯುವವರಿಗೆ ಇಲ್ಲ.

ಮನವಿಪತ್ರಗಳನ್ನು ಬಿಡಬೇಡಿ, ನೋಡಲು ಬೇಸರದ್ದಾದರೂ. ಮೇಲೆ ಅಚ್ಚಾದ ಒಂದು ಪ್ಯಾರಾ, ಕೆಳಗೆ ರುಜು, ರುಜು, ರುಜು. ಹಾಳೆ ಸಾಲದೆ ಹಾಳೆಗೆ ಹಾಳೆ ಅಂಟಿಸಿದ ಉದ್ದನೆಯ ಪಟ್ಟಿ. ಎಷ್ಟೋ ಪಟ್ಟಿಗಳಲ್ಲಿ ಗಂಡಸರದು ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ. ಮತ ಹಾಕುವ ಹಕ್ಕಿಲ್ಲದ ಹೆಂಗಸರು ಮನೆಮನೆ ತಿರುಗಿ ಹಾಕಿಸಿದ ರುಜುಗಳು ಇವು. ಇವುಗಳ ಕಾಟ ತಡೆಯಲಾರದೆ ಅಮೆರಿಕದ ಪ್ರತಿನಿಧಿ ಸಭೆ 1836ರಲ್ಲಿ ಗುಲಾಮಗಿರಿಯ ಮನವಿಗಳನ್ನು ಚರ್ಚಿಸದೆ ಬದಿಗಿಡುವ ನಿಯಮ ಮಾಡಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಬಿಡದೆ ಜಗ್ಗಾಡಿ 1844ರಲ್ಲಿ ಅದನ್ನು ತೆಗೆಸಿದ. ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಂದ ಸುಮಾರು 3,500 ಮನವಿಗಳನ್ನು ಹಾರ್ವರ್ಡ್‌ನವರು ಅಂತರಜಾಲದಲ್ಲಿ ಇಟ್ಟಿದ್ದಾರೆ. ಪತ್ರ ಬರೆಯಲು ಬಿಡುವಿಲ್ಲದ, ಬರೆದರೂ ಅದನ್ನು ಯಾರೂ ಕೂಡಿಡದ ಎಷ್ಟೋ ಜನರ ಕೈಬರಹ ಉಳಿದಿರುವುದು ಇಂಥ ಕಡೆ ಮಾತ್ರ.

ವೈರಿಯ ಕಾಗದವೂ ಕಡತವೇ. 1839ರಲ್ಲಿ ಥಿಯೋಡರ್ ವೆಲ್ಡ್, ಹೆಂಡತಿ ಆಂಜೆಲಿನಾ ಗ್ರಿಮ್ಕೆ, ಅವಳ ಅಕ್ಕ ಸಾರಾ ಸೇರಿ ದಕ್ಷಿಣದ ಪತ್ರಿಕೆಗಳನ್ನು ರಾಶಿ ಹಾಕಿಕೊಂಡು, ಓಡಿಹೋದ ಗುಲಾಮರನ್ನು ಹುಡುಕಿಕೊಡಿ ಎಂಬ ಜಾಹೀರಾತುಗಳನ್ನು ಕತ್ತರಿಸಿದರು. ಗುರುತಿಗೆಂದು ಯಜಮಾನರೇ ಬೆನ್ನಿನ ಬಾಸುಂಡೆ, ಸುಟ್ಟ ಮುದ್ರೆ ಎಲ್ಲವನ್ನೂ ವಿವರಿಸಿದ್ದರು. ಯಜಮಾನರ ಮಾತೇ ಅವರ ವಿರುದ್ಧ ಸಾಕ್ಷಿಯಾಯಿತು.

ಕೊನೆಗೆ ಮತ್ತೆ 1854ರ ಡಿಸೆಂಬರ್ 29. ಗ್ಯಾರೆಟ್‌ನ ಕಾಗದ 'ಆರು ಗಂಡಸರು, ಒಬ್ಬ ಹೆಂಗಸು' ಎನ್ನುತ್ತದೆ. ಸ್ಟಿಲ್‌ನ ಪುಸ್ತಕದಲ್ಲಿ ಆ ಅಧ್ಯಾಯದ ಶೀರ್ಷಿಕೆ ಟಬ್ಮನ್ ಕರೆತಂದದ್ದು ಆರೇ ಜನ ಎನ್ನುತ್ತದೆ. ಲೆಕ್ಕ ತಾಳೆಯಾಗುವುದಿಲ್ಲ, ಎರಡನ್ನೂ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಆದರೆ ಗ್ಯಾರೆಟ್‌ನ 'ಒಬ್ಬ ಹೆಂಗಸು' ಸ್ಟಿಲ್‌ನ ಮೇಜಿನ ಮುಂದೆ ಬಂದು ಕೂತಾಗ ಜೇನ್ ಕೇನ್ ಆಗುತ್ತಾಳೆ, ವಯಸ್ಸು 22. ಜೊತೆಗೆ ಬಂದವರಲ್ಲಿ ಮೂವರು ಟಬ್ಮನ್‌ಳ ಒಡಹುಟ್ಟಿದವರು, ರಾಸ್ ಮನೆತನದವರು. ಅಲ್ಲಿಂದ ಮುಂದೆ ಸ್ಟೂಅರ್ಟ್ ಎಂದು ಹೆಸರಿಟ್ಟುಕೊಂಡರು. ಅವರಲ್ಲಿ ಬೆನ್ ಎಂಬವನನ್ನು ಜೇನ್ ಮದುವೆಯಾಗುವವಳಿದ್ದಳು, ಗಂಡುಡುಗೆ ತೊಟ್ಟು ತಪ್ಪಿಸಿಕೊಂಡಿದ್ದಳು. ಒಳ್ಳೆಯ ಯಜಮಾನನನ್ನು ಬಿಟ್ಟುಬಂದೆನಲ್ಲಾ ಎಂಬ ಕೊರಗು ಅವಳಿಗೆ ಕಿಂಚಿತ್ತೂ ಇರಲಿಲ್ಲ ಎಂದು ಸ್ಟಿಲ್ ಬರೆದಿದ್ದಾನೆ. ಯಜಮಾನ ಜೋನ್ಸ್‌ನ ಬಗ್ಗೆ ಅವಳು ಹೇಳಿದ್ದು, ಆ ಸೀಮೆಗೆಲ್ಲ ಅವನಷ್ಟು ಕೆಟ್ಟವನು ಇನ್ನೊಬ್ಬನಿಲ್ಲ ಎಂದು.