ಫೋನ್‌ನಲ್ಲಿ ತುಂಬಿದ ಸಮೀಕ್ಷೆಯನ್ನು ಎಷ್ಟು ನಂಬಬಹುದು?

ಕಾಫಿ ದರ, ಆನೆ ಹಾವಳಿ, ಮಳೆ ಹಾನಿ, ಹೋಂಸ್ಟೇ. ಕೊಡಗಿನಲ್ಲಿ ಇವುಗಳ ಬಗ್ಗೆ ಜನರ ಅಭಿಪ್ರಾಯ ಬೇಕೆಂದರೆ ಈಗ ವಾಟ್ಸಾಪ್‌ಗೆ ಒಂದು ಲಿಂಕ್ ಬರುತ್ತದೆ. ಆಮೇಲೆ ಶುರುವಾಗುವುದು ಇನ್ನೊಂದು ಚರ್ಚೆ: ಫೋನ್‌ನಲ್ಲಿ ಒತ್ತಿದ ಉತ್ತರಕ್ಕೆ ಬೆಲೆ ಇದೆಯಾ?

ಮೊದಲು ಕಾಗದ ಹಿಡಿದು ಮನೆಮನೆಗೆ ಹೋಗುತ್ತಿದ್ದರು. 1990ರ ದಶಕದಲ್ಲಿ ಅಮೆರಿಕ, ಯುರೋಪಿನಲ್ಲಿ ಸಮೀಕ್ಷೆ ಇಂಟರ್ನೆಟ್‌ಗೆ ಬಂತು. ಆ ಫಾರಂಗಳೆಲ್ಲ ದೊಡ್ಡ ಪರದೆಗೆ, ಮೌಸ್‌ಗೆ ಮಾಡಿದವು. 2007ರಲ್ಲಿ ಐಫೋನ್ ಬಂದ ಮೇಲೆ ಜನ ಅದೇ ಫಾರಂಗಳನ್ನು ಅಂಗೈಯಲ್ಲಿ ತೆರೆಯತೊಡಗಿದರು. ನಮ್ಮಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ, ಕಂಪ್ಯೂಟರ್ ಮುಟ್ಟದವರ ಕೈಗೂ ನೇರವಾಗಿ ಇಂಟರ್ನೆಟ್ ಸಿಕ್ಕಿತು.

ಸಂಶೋಧಕರು ಈ ಬಗ್ಗೆ ಸಾಕಷ್ಟು ಕೆಲಸ ಮಾಡಿದ್ದಾರೆ. ಫೋನ್‌ನಲ್ಲಿ ತುಂಬುವವರಿಗೆ ಸಮಯ ಜಾಸ್ತಿ ಬೇಕು. ಅರ್ಧಕ್ಕೆ ಬಿಡುವವರೂ ಅವರಲ್ಲೇ ಹೆಚ್ಚು. ಆದರೆ ಫಾರಂ ಅನ್ನು ಫೋನ್‌ಗೆ ಹೊಂದುವಂತೆ ಮಾಡಿದರೆ ಉತ್ತರದ ಗುಣಮಟ್ಟದಲ್ಲಿ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಈ ಕೊನೆಯ ಮಾತು ಯಾಕೋ ಚರ್ಚೆಗೆ ಬರುವುದೇ ಇಲ್ಲ.

ತೊಂದರೆ ಎಲ್ಲಿ ಎಂದು ತಿಳಿಯಲು ಒಂದು ಕೋಷ್ಟಕ ನೋಡಿದರೆ ಸಾಕು. ಎಡಗಡೆ ಸಾಲಾಗಿ ಕೂಲಿಯಾಳು ಕೊರತೆ, ಕಾಡಾನೆ, ಗೊಬ್ಬರದ ಬೆಲೆ, ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ), ಕರಿಮೆಣಸಿನ ರೋಗ. ಮೇಲ್ಗಡೆ ‘ಬಹಳ ತೊಂದರೆ’ಯಿಂದ ‘ತೊಂದರೆಯೇ ಇಲ್ಲ’ದವರೆಗೆ ಐದು ಕಾಲಂ. ಕಂಪ್ಯೂಟರ್‌ನಲ್ಲಿ ಐದೂ ಕಾಣುತ್ತವೆ. ಫೋನ್‌ನಲ್ಲಿ ಮೂರು ಕಾಣುತ್ತವೆ, ಉಳಿದ ಎರಡಕ್ಕೆ ಪರದೆಯನ್ನು ಪಕ್ಕಕ್ಕೆ ಸರಿಸಬೇಕು. ಕಾಣದ್ದನ್ನು ಯಾರು ಒತ್ತುತ್ತಾರೆ? ಬೇಸರ ಬಂದವರು ಒಂದೇ ಕಾಲಂನಲ್ಲಿ ಮೇಲಿಂದ ಕೆಳಗೆ ಒತ್ತಿ ಮುಗಿಸುತ್ತಾರೆ. ಒಂದೊಂದೇ ಪ್ರಶ್ನೆ ಕೇಳಿ, ಆಯ್ಕೆಗಳನ್ನು ಒಂದರ ಕೆಳಗೊಂದು ಕೊಟ್ಟರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ.

ಬರೆದು ಉತ್ತರಿಸುವ ಪ್ರಶ್ನೆಗಳಲ್ಲಿ ಫೋನ್‌ನವರು ಚುಟುಕಾಗಿ ಬರೆಯುತ್ತಾರೆ ಎಂದು ಹಲವು ಅಧ್ಯಯನಗಳು ಹೇಳಿವೆ. ಅವು ಹೆಚ್ಚಾಗಿ ಇಂಗ್ಲಿಷ್‌ನಂಥ ಭಾಷೆಗಳಲ್ಲಿ ನಡೆದವು. ಕನ್ನಡದ ಕಥೆ ಬೇರೆ ಅಲ್ವಾ? ಕಂಪ್ಯೂಟರ್ ಕೀಲಿಮಣೆಯಲ್ಲಿ ಕನ್ನಡ ಟೈಪ್ ಮಾಡಲು ಬಾರದವರೇ ಜಾಸ್ತಿ. ಫೋನ್‌ನಲ್ಲಿ ಮಾತಾಡಿದರೆ ಸಾಕು. ಗೂಗಲ್‌ನ ಧ್ವನಿ ಟೈಪಿಂಗ್ 2017ರಲ್ಲೇ ಕನ್ನಡಕ್ಕೆ ಬಂದಿದೆ.

ಕೊಡಗಿನಲ್ಲಿ ಇದು ಬರೀ ತಾಂತ್ರಿಕ ವಿಷಯ ಅಲ್ಲ. ಕಂಪ್ಯೂಟರ್ ಮುಂದೆ ಕೂತು ತುಂಬುವವರು ಕಚೇರಿಯವರು, ಅನುಕೂಲವಿರುವ ತೋಟದ ಮಾಲೀಕರು. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಮನೆಗಳಲ್ಲಿ ಇರುವವರ ಬಳಿ ಇರುವುದು ಫೋನ್ ಒಂದೇ. ಮಳೆಗಾಲದಲ್ಲಿ ಭಾಗಮಂಡಲದ ಕಡೆ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಫಾರಂ ಅರ್ಧಕ್ಕೆ ನಿಲ್ಲುತ್ತದೆ. ಲೆಕ್ಕ ಹಾಕುವಾಗ ಅರ್ಧ ತುಂಬಿದ್ದನ್ನು ತೆಗೆದುಹಾಕುವುದು ರೂಢಿ. ಹಾಗೆ ತೆಗೆದಾಗ ಮಳೆಗೆ ಹೆಚ್ಚು ಸಿಕ್ಕವರ ಮಾತೇ ಮಳೆ ಹಾನಿಯ ಸಮೀಕ್ಷೆಯಿಂದ ಹೊರಗುಳಿಯುತ್ತದೆ.

ಯಾವ ಸಾಧನದಿಂದ ತುಂಬಿದರು, ಯಾವ ಪ್ರಶ್ನೆಯಲ್ಲಿ ನಿಂತರು ಎಂಬುದನ್ನು ಹಲವು ಸಮೀಕ್ಷೆ ತಂತ್ರಾಂಶಗಳು ತಾವಾಗಿಯೇ ದಾಖಲಿಸುತ್ತವೆ. ವರದಿಯಲ್ಲಿ ಶೇಕಡಾವಾರು ಲೆಕ್ಕದ ಪಕ್ಕದಲ್ಲಿ ಅದನ್ನೂ ಅಚ್ಚು ಹಾಕಲು ಎರಡು ಸಾಲು ಜಾಗ ಸಾಕು.