ದೊಡ್ಡ ಪೈಪ್ ಹಾಕಿದರೆ ಪ್ರೆಶರ್ ಬರುತ್ತಾ?

ಹೊಸ ನೀರಿನ ಪೈಪ್‌ಲೈನ್ ನಗರಸಭೆಯ ಮುಂದೆ ಮಂಜೂರಾತಿಗೆ ಬಂದ ದಿನ ಚರ್ಚೆಯೆಲ್ಲ ಒಂದೇ ವಿಷಯದ ಮೇಲೆ. ಪೈಪ್ ಎಷ್ಟು ಇಂಚು? ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಲೈನ್ ಕೊನೆಯಲ್ಲಿರುವ ಮನೆ ಟ್ಯಾಂಕಿನಿಂದ ಎಷ್ಟು ದೂರ ಎಂದೂ ಕೇಳುವುದಿಲ್ಲ. "ಅವರ ವಾರ್ಡಿಗೆ 12 ಇಂಚು, ನಮಗೆ ಮಾತ್ರ 6 ಇಂಚಾ?" ಎಂದು ಒಬ್ಬ ಸದಸ್ಯರು ಎದ್ದು ನಿಂತರೆ ಸಾಕು. ಇಂಚು ಮರ್ಯಾದೆಯ ಪ್ರಶ್ನೆ ಆಗಿಬಿಡುತ್ತದೆ. ನಾವು ಇಂಜಿನಿಯರುಗಳು ತಿಂಗಳುಗಟ್ಟಲೆ ಕೂತು ಮಾಡಿದ ಲೆಕ್ಕವನ್ನು ಪೆನ್ನಲ್ಲಿ ಹೊಡೆದು ಅಲ್ಲೇ 12 ಎಂದು ಬರೆಯುತ್ತಾರೆ. ಚಪ್ಪಾಳೆ ಬೇರೆ.

ಆ ಸದಸ್ಯರ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಎದ್ದರೆ ಮನೆ ಮುಂದೆ ಬಂದು ಜಗಳ ಆಡುವ ಜನರಿಗೆ ಅವರು ಉತ್ತರ ಕೊಡಬೇಕು. ಸಿಟ್ಟಿರುವುದು ಆ ನಂಬಿಕೆಯ ಮೇಲೆ: "ದೊಡ್ಡ ಪೈಪ್ ಹಾಕಿ ಸಾರ್, ಪ್ರೆಶರ್ ತಾನಾಗೇ ಬರುತ್ತೆ." ಓದಿದವರು, ಓದದವರು ಎಲ್ಲರೂ ಹೇಳುವುದು ಇದನ್ನೇ. ನಮ್ಮ ಕೆಲವು ಇಂಜಿನಿಯರುಗಳೂ ಸುಮ್ನೆ ತಲೆಯಾಡಿಸುತ್ತಾರೆ.

ಪೈಪ್ ಪ್ರೆಶರ್ ಕೊಡುವುದಿಲ್ಲ. ಕೊಡುವುದು ಎತ್ತರ, ಇಲ್ಲವೇ ಪಂಪ್. ಟ್ಯಾಂಕಿನಲ್ಲಿ ನೀರಿನ ಮಟ್ಟ ನಿಮ್ಮ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸುಮಾರು 1 ಕೆಜಿ ಪ್ರೆಶರ್, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ 1 ಕೆಜಿ ಒತ್ತಡ. 20 ಮೀಟರ್ ಇದ್ದರೆ 2 ಕೆಜಿ. ನಡುವೆ ಇರುವ ಪೈಪ್ 4 ಇಂಚೋ 40 ಇಂಚೋ, ಈ ಲೆಕ್ಕ ಬದಲಾಗುವುದಿಲ್ಲ. ಆದರೆ ಒಂದು ಷರತ್ತಿದೆ: ನೀರು ನಿಂತಿರಬೇಕು. ಯಾರೂ ನಲ್ಲಿ ತೆರೆದಿರಬಾರದು. ಜನ ಎಡವುವುದು ಇಲ್ಲೇ, ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀರು ಹರಿಯಲು ಶುರುವಾದ ಕೂಡಲೇ ಪೈಪಿನ ಒಳಗೋಡೆಗೆ ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜಾಟದಲ್ಲಿ ಪ್ರೆಶರ್ ಕಳೆದುಹೋಗುತ್ತದೆ. ಪೈಪಿನ ಅಗಲದ ಕೆಲಸ ಇರುವುದು ಇಷ್ಟರಲ್ಲೇ. ಎತ್ತರ ಕೊಟ್ಟ ಪ್ರೆಶರಿನಲ್ಲಿ ದಾರಿಯಲ್ಲಿ ಎಷ್ಟು ಕಳೆಯಬೇಕು ಎಂಬುದನ್ನು ಅಗಲ ತೀರ್ಮಾನಿಸುತ್ತದೆ. ಕಳೆಯುವುದನ್ನು ಕಡಿಮೆ ಮಾಡಬಹುದು. ಇಲ್ಲದ್ದನ್ನು ತಂದುಕೊಡಲು ಆಗುವುದಿಲ್ಲ.

ಒಂದು ಲೆಕ್ಕ ನೋಡೋಣ, ಪ್ರೆಶರನ್ನು ಎತ್ತರದ ಮೀಟರಿನಲ್ಲೇ ಹೇಳುತ್ತೇನೆ. ಸಮತಟ್ಟು ನೆಲ. ಟ್ಯಾಂಕಿನ ನೀರಿನ ಮಟ್ಟ 20 ಮೀಟರ್ ಮೇಲೆ. 1 ಕಿಲೋಮೀಟರ್ ಪೈಪ್, ಅದರ ಕೊನೆಯಲ್ಲಿ ಸೆಕೆಂಡಿಗೆ 10 ಲೀಟರ್ ನೀರು ಬೇಕು. 100 ಎಂಎಂ, ಅಂದರೆ 4 ಇಂಚಿನ ಪೈಪ್ ಹಾಕಿದರೆ ಉಜ್ಜಾಟದಲ್ಲೇ ಸುಮಾರು 19 ಮೀಟರ್ ಹೋಗುತ್ತದೆ. ಕೊನೆಯವನಿಗೆ ಉಳಿಯುವುದು 1 ಮೀಟರ್. ಬಕೆಟ್ ನೆಲದ ಮೇಲಿಟ್ಟರೆ ಹೇಗೋ ತುಂಬೀತು. ಅದೇ ಜಾಗಕ್ಕೆ 150 ಎಂಎಂ, ಅಂದರೆ 6 ಇಂಚು ಹಾಕಿ. ಕಳೆಯುವುದು ಎರಡೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿಯುವುದು 17 ಮೀಟರಿಗೂ ಮೇಲೆ. ನಿಜಕ್ಕೂ ದೊಡ್ಡ ಬದಲಾವಣೆ, ಅಲ್ವಾ? ಜನರ ನಂಬಿಕೆ ಹುಟ್ಟಿದ್ದು ಇಂಥ ಅನುಭವದಿಂದಲೇ. ಪೈಪ್ ದೊಡ್ಡದು ಮಾಡಿದರು, ನೀರು ಜೋರಾಗಿ ಬಂತು.

ಈಗ ಮುಂದಕ್ಕೆ ಹೋಗಿ. 200 ಎಂಎಂ ಹಾಕಿದರೆ ನಷ್ಟ ಮುಕ್ಕಾಲು ಮೀಟರಿಗಿಂತ ಕಡಿಮೆ. 300 ಎಂಎಂ, ಅಂದರೆ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಆ 12 ಇಂಚು ಹಾಕಿದರೆ ನಷ್ಟ 10 ಸೆಂಟಿಮೀಟರಿನಷ್ಟೂ ಇಲ್ಲ. 200ರಿಂದ 300ಕ್ಕೆ ಹೋಗಿ ನಾವು ಗಳಿಸಿದ್ದು ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅದು ನಲ್ಲಿಯಲ್ಲಿ ಕಣ್ಣಿಗೂ ಕಾಣುವುದಿಲ್ಲ. ಇನ್ನೂ ದೊಡ್ಡದು ಮಾಡುತ್ತಾ ಹೋಗಿ, 20 ಮೀಟರ್ ದಾಟಲು ಸಾಧ್ಯವೇ ಇಲ್ಲ. ಟ್ಯಾಂಕ್ ಕೊಟ್ಟಿದ್ದೇ ಅಷ್ಟು.

ಇಲ್ಲಿ ಎಚ್ಚರಿಕೆಯ ಒಂದು ಮಾತು. ಈ ಅಂಕಿಗಳನ್ನು ಹಿಡಿದುಕೊಂಡು "150 ಸಾಕು ಅಂತ ಅಂಕಣದಲ್ಲಿ ಬರೆದಿದ್ದಾರೆ" ಎಂದು ಯಾರ ಹತ್ತಿರವೂ ವಾದಕ್ಕೆ ಹೋಗಬೇಡಿ. ಇದು ಹೇಜನ್ ಮತ್ತು ವಿಲಿಯಮ್ಸ್ ಎಂಬ ಇಬ್ಬರು ಅಮೆರಿಕನ್ ಇಂಜಿನಿಯರುಗಳ ಸೂತ್ರದಿಂದ, ಒಳಗೋಡೆ ಸಾಕಷ್ಟು ನಯ ಇದೆ ಎಂದುಕೊಂಡು ಮಾಡಿದ ಲೆಕ್ಕ. ಹಳೆಯ ಕಬ್ಬಿಣದ ಪೈಪಿನಲ್ಲಿ ತುಕ್ಕು ಗಂಟುಗಂಟಾಗಿ ಕಟ್ಟಿರುತ್ತದೆ. ಅಲ್ಲಿ ನಷ್ಟ ತುಂಬಾ ಜಾಸ್ತಿ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತೆರೆದು ಹರಿವು 10 ಲೀಟರಿನಿಂದ 20 ಲೀಟರಿಗೆ ಏರಿತು ಅಂದುಕೊಳ್ಳಿ. ನಷ್ಟ ದುಪ್ಪಟ್ಟಾಗುವುದಿಲ್ಲ, ಮೂರೂವರೆ ಪಟ್ಟಿಗೂ ಜಾಸ್ತಿ ಆಗುತ್ತದೆ. ಆಗ 150 ಎಂಎಂ ಪೈಪಿನಲ್ಲಿ ಒಂಬತ್ತೂವರೆ ಮೀಟರ್ ಹೋಯಿತು. ಅಲ್ಲಿ 200 ಹಾಕುವುದೇ ಸರಿ. ಮುಂದಿನ 30 ವರ್ಷಕ್ಕೆ ಊರು ಬೆಳೆಯುವುದನ್ನೂ ನೋಡಬೇಕು. ಬೆಂಕಿ ಆರಿಸುವ ನೀರಿನ ಲೆಕ್ಕವೂ ಇದೆ. ದೊಡ್ಡ ಪೈಪ್ ಬೇಡ ಎಂದು ನಾನು ಹೇಳುತ್ತಿಲ್ಲ. ಕಾರಣ ಇಲ್ಲದ ದೊಡ್ಡ ಪೈಪ್ ಬೇಡ ಎನ್ನುತ್ತಿದ್ದೇನೆ.

"ಜಾಸ್ತಿ ಆದರೆ ನಷ್ಟ ಏನು, ಇರಲಿ ಬಿಡಿ" ಎನ್ನುವವರಿಗೆ: ನಷ್ಟ ಇದೆ. 100 ಎಂಎಂ ಪೈಪಿನ ಒಂದು ಕಿಲೋಮೀಟರಿನಲ್ಲಿ ಸುಮಾರು 7,850 ಲೀಟರ್ ನೀರು ನಿಂತಿರುತ್ತದೆ. 300 ಎಂಎಂನಲ್ಲಿ 70,000 ಲೀಟರಿಗೂ ಜಾಸ್ತಿ. ಬಳಕೆ ಕಡಿಮೆ ಇರುವ ಕಡೆ ಅಷ್ಟು ನೀರು ಹೊರಗೆ ಬರಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಕ್ಲೋರಿನ್ ಖಾಲಿ. ನಲ್ಲಿಗೆ ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರು ನಿಧಾನ ಆದಷ್ಟೂ ಮಣ್ಣು, ತುಕ್ಕು ಪೈಪಿನ ತಳದಲ್ಲಿ ಕೂರುತ್ತವೆ. ಒಂದು ದಿನ ಇದ್ದಕ್ಕಿದ್ದಂತೆ ಹರಿವು ಜಾಸ್ತಿ ಆದಾಗ ಕೆಂಪು ನೀರು ಬರುತ್ತದೆ. ಆಗ ದೂರು ಬರುವುದು ನಮ್ಮ ಮೇಲೆಯೇ.

ಇಷ್ಟೆಲ್ಲ ಹೇಳಿದ ಮೇಲೂ ಯಾರಾದರೂ ಒಬ್ಬರು ಗಾರ್ಡನ್ ಪೈಪಿನ ಉದಾಹರಣೆ ತರುತ್ತಾರೆ. "ಬಾಯಿಗೆ ಬೆರಳಿಟ್ಟರೆ ನೀರು ಜೋರಾಗಿ ಚಿಮ್ಮುತ್ತಲ್ಲ ಸಾರ್? ಹಾಗಾದ್ರೆ ಸಣ್ಣ ಪೈಪಿಗೇ ಪ್ರೆಶರ್ ಜಾಸ್ತಿ, ಅಲ್ವಾ?" ಈಗ ವಾದ ಪೂರ್ತಿ ಉಲ್ಟಾ! ಒಳ್ಳೆಯ ಪ್ರಶ್ನೆ, ಆದರೆ ಅರ್ಧ ಮಾತ್ರ ನೋಡಿದ್ದು. ಬೆರಳಿಟ್ಟಾಗ ಹೊರಗೆ ಬರುವ ನೀರು ಕಡಿಮೆಯಾಗುತ್ತದೆ. ನೀರು ಕಡಿಮೆ ಹರಿದರೆ ಉಜ್ಜಾಟವೂ ಕಡಿಮೆ. ದಾರಿಯಲ್ಲಿ ಕಳೆಯುತ್ತಿದ್ದ ಪ್ರೆಶರ್ ಈಗ ಬಾಯಿಯವರೆಗೆ ಉಳಿದು ಬರುತ್ತದೆ, ಬೆರಳ ಸಂದಿಯಿಂದ ಚಿಮ್ಮುತ್ತದೆ. ಹಾಗೇ ಬೆರಳಿಟ್ಟುಕೊಂಡು ಒಂದು ಬಕೆಟ್ ತುಂಬಿಸಿ ನೋಡಿ. ಜಾಸ್ತಿ ಹೊತ್ತು ಬೇಕು.

ಪೈಪಿನ ಬಾಯಿ ನೋಡಿ ನೀರು ಅಳೆಯುವ ಚಾಳಿ ಹೊಸದಲ್ಲ ಬಿಡಿ. ರೋಮ್ ನಗರದಲ್ಲಿ ನೀರನ್ನು ಅಳೆಯುತ್ತಿದ್ದುದೇ ಪೈಪಿನ ಬಾಯಿಯ ಅಳತೆಯಿಂದ. ಕ್ರಿ.ಶ. 97ರಲ್ಲಿ ಅಲ್ಲಿನ ನೀರಿನ ಉಸ್ತುವಾರಿಗೆ ಬಂದ ಫ್ರಾಂಟಿನಸ್ ಎಂಬ ಅಧಿಕಾರಿ ಇದರ ಕಳ್ಳಾಟಗಳನ್ನು ಬರೆದಿಟ್ಟಿದ್ದಾನೆ. ಪ್ರತಿ ಕನೆಕ್ಷನ್ನಿಗೂ ಮುದ್ರೆ ಒತ್ತಿದ ಕಂಚಿನ ಮೂತಿ ಇರಬೇಕಿತ್ತು. ಅಲ್ಲಿಂದ 50 ಅಡಿವರೆಗೆ ಪೈಪನ್ನು ಮೂತಿಗಿಂತ ಅಗಲ ಮಾಡುವಂತಿರಲಿಲ್ಲ. ಅಗಲ ಮಾಡಿದವರು ಜಾಸ್ತಿ ನೀರು ಎಳೆಯುತ್ತಿದ್ದರು. ಮೂತಿಯನ್ನು ತಗ್ಗಿನಲ್ಲಿ ಕೂರಿಸಿದರೂ ನೀರು ಜಾಸ್ತಿ ಬರುತ್ತದೆ ಎಂಬುದು ಅವನ ಗಮನಕ್ಕೆ ಬಂದಿತ್ತು. ಎತ್ತರದ ಪ್ರಶ್ನೆ ಆಗಲೇ ಕಣ್ಣೆದುರಿಗಿತ್ತು.

ಹಾಗಾದರೆ ನಿಮ್ಮ ಬೀದಿಯ ಸಮಸ್ಯೆ ಎತ್ತರದ್ದೋ ಅಗಲದ್ದೋ? ಅದಕ್ಕೆ ಒಂದು ಪ್ರೆಶರ್ ಗೇಜ್ ಸಾಕು. ಮುಖ್ಯ ಲೈನಿನಿಂದ ನೇರ ಬರುವ ನಲ್ಲಿಯ ಪಕ್ಕದಲ್ಲಿ ಕೂರಿಸಿ. ಮೊದಲು, ಬೀದಿಯಲ್ಲಿ ಬಳಕೆ ತೀರಾ ಕಡಿಮೆ ಇರುವಾಗ ನಲ್ಲಿ ಮುಚ್ಚಿ ಮುಳ್ಳು ನೋಡಿ. ಆಮೇಲೆ ಎಲ್ಲರೂ ನೀರು ಹಿಡಿಯುವ ಹೊತ್ತಿಗೆ ನೋಡಿ. ಬಳಕೆ ಇಲ್ಲದಾಗ 2 ಕೆಜಿ ತೋರಿಸಿದ ಮುಳ್ಳು ಎಲ್ಲರೂ ನೀರು ಹಿಡಿಯುವ ಹೊತ್ತಿಗೆ ಸೊನ್ನೆಯ ಹತ್ತಿರ ಬಿದ್ದರೆ, ದಾರಿಯಲ್ಲಿ ಎಲ್ಲೋ ಗಂಟಲು ಕಟ್ಟಿದೆ. ಬಳಕೆ ಇಲ್ಲದಾಗಲೇ ಅರ್ಧ ಕೆಜಿ ಮಾತ್ರ ಇದ್ದರೆ ಪೈಪ್ ಬದಲಿಸಿ ಪ್ರಯೋಜನ ಇಲ್ಲ. ಅಲ್ಲಿಗೆ ಎತ್ತರದ ಟ್ಯಾಂಕ್ ಬೇಕು, ಇಲ್ಲವೇ ಪಂಪ್ ಇಟ್ಟು ಬೇರೆ ವಲಯ ಮಾಡಬೇಕು.

ಗಂಟಲು ಕಟ್ಟಿದ ಒಂದು ಜಾಗ ನೆನಪಿದೆ. ಇಡೀ ಬಡಾವಣೆಗೆ ಹೊಸ ಲೈನ್ ಹಾಕಲು ಕಡತ ತಯಾರಾಗಿತ್ತು. ಗೇಜ್ ಇಟ್ಟರೆ ರಾತ್ರಿ ಚೆನ್ನಾಗಿದೆ, ಬೆಳಿಗ್ಗೆ ಪಾತಾಳ. ಲೈನ್ ಉದ್ದಕ್ಕೂ ಗೇಜ್ ಇಡುತ್ತಾ ಹೋದೆವು. ಒಂದು ತಿರುವಿನ ಆಚೆ ಚೆನ್ನಾಗಿದೆ, ಈಚೆ ಬಿದ್ದಿದೆ. ಹಳೆಯ ವಾಲ್ವ್‌ಮನ್ ಒಬ್ಬರು ರಸ್ತೆಯ ಮೇಲೆ ಕಾಲಿನಿಂದ ತಟ್ಟಿ, "ಇಲ್ಲೊಂದು ವಾಲ್ವ್ ಇತ್ತು ಸಾರ್, ಡಾಂಬರು ಹಾಕಿದ ಮೇಲೆ ಕಾಣ್ತಿಲ್ಲ" ಎಂದರು. ಅಗೆದರೆ ಸಿಕ್ಕಿತು. ಯಾವುದೋ ರಿಪೇರಿಗೆ ಮುಚ್ಚಿದವರು ಪೂರ್ತಿ ತೆರೆಯದೆ ಹೋಗಿದ್ದರು. ಅವರು ಅದನ್ನು ಒಂದೊಂದೇ ಸುತ್ತು, ನಿಲ್ಲಿಸಿ ನಿಲ್ಲಿಸಿ ತೆರೆದರು. ನೋಡುತ್ತಿದ್ದವರಿಗೆ ಬೇಜಾರು. ಆದರೆ ನೀರಿನ ಓಟವನ್ನು ಒಮ್ಮೆಲೇ ಬದಲಿಸಬಾರದು. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ಓಡುವ ನೀರನ್ನು ತಟ್ಟನೆ ನಿಲ್ಲಿಸಿದರೆ 100 ಮೀಟರಿನಷ್ಟು ಪ್ರೆಶರ್ ಏರಿ ಬಡಿಯುತ್ತದೆ. ರಷ್ಯಾದ ಝುಕೋವ್ಸ್ಕಿ ಮಾಸ್ಕೋದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ 1898ರ ಹೊತ್ತಿಗೇ ಇದರ ಲೆಕ್ಕ ಕೊಟ್ಟಿದ್ದರು. ನಮ್ಮ ವಾಲ್ವ್‌ಮನ್‌ಗೆ ಆ ಹೆಸರು ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಎಲ್ಲ ಕಡೆ ವಾಲ್ವೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಹುಡುಕದೆ ಹೊಸ ಪೈಪಿಗೆ ಸಹಿ ಹಾಕಬೇಡಿ.

ಇನ್ನೊಂದು ಕಡೆ ಸಭೆ ಮುಗಿದ ಮೇಲೆ ವಯಸ್ಸಾದ ಒಬ್ಬ ಹೆಂಗಸು ಬಂದರು. ದಿಣ್ಣೆಯ ಮೇಲಿನ ಮನೆ ಅವರದು. "ನೋಡಪ್ಪ, ಆ ಟ್ಯಾಂಕು ನಮ್ಮ ಮನೆ ತಾರಸಿಗಿಂತ ಮೇಲಿದೆಯೋ ಕೆಳಗಿದೆಯೋ, ಅದೊಂದು ಹೇಳು" ಎಂದರು. ಅಷ್ಟು ಹೊತ್ತು ಇಂಚಿಗಾಗಿ ಕೂಗಾಡಿದ್ದ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ. ನಕಾಶೆ ತೆಗೆದು ನೋಡಿದೆವು. ಟ್ಯಾಂಕಿನ ನೀರಿನ ಮಟ್ಟಕ್ಕೂ ಅವರ ತಾರಸಿಗೂ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಮಂಜೂರಾದ ಪೈಪ್ ಎಷ್ಟೇ ದೊಡ್ಡದಾದರೂ ಅವರ ತಾರಸಿಗೆ ನೀರು ಏರುವುದಿಲ್ಲ ಎಂದು ಹೇಳಲೇಬೇಕಾಯಿತು. ಬೇಸರ ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ಕೆಳಗೇ ಒಂದು ತೊಟ್ಟಿ ಕಟ್ಟಿಸ್ಕೋತೀನಿ" ಎಂದು ಹೊರಟರು. ಅವರ ಅಕ್ಕಪಕ್ಕದವರು ಆಮೇಲೆ ಲೈನಿಗೇ ಮೋಟರ್ ಹಚ್ಚಿ ನೀರು ಎಳೆಯಲು ನೋಡಿದರು. ದಯವಿಟ್ಟು ಅದನ್ನು ಮಾಡಬೇಡಿ. ಎಳೆತಕ್ಕೆ ಪೈಪಿನ ಸಂದಿಗಳಿಂದ ಹೊರಗಿನ ಕೊಳಕು ನೀರು ಒಳಗೆ ನುಗ್ಗುತ್ತದೆ. ಅದನ್ನು ಇಡೀ ಬೀದಿ ಕುಡಿಯಬೇಕಾಗುತ್ತದೆ.

ಇನ್ನು ಮಂಜೂರಾತಿಯ ದಿನಕ್ಕೆ ಬರೋಣ. ಇಟ್ಟ ಹಣ ಅಷ್ಟೇ ಇರುತ್ತದೆ. 6 ಇಂಚನ್ನು 12 ಮಾಡಿದರೆ ಎಲ್ಲಿಂದಲೋ ಕಡಿತ ಆಗಲೇಬೇಕು. ನಾನು ಕಂಡ ಮಟ್ಟಿಗೆ ಮೊದಲು ಹೋಗುವುದು ಕಣ್ಣಿಗೆ ಬೀಳದ ವಸ್ತುಗಳು. ದಿಣ್ಣೆಗಳಲ್ಲಿ ಗಾಳಿ ಹೊರಬಿಡುವ ವಾಲ್ವ್, ತಗ್ಗಿನಲ್ಲಿ ಪೈಪ್ ತೊಳೆದು ಬಿಡುವ ವಾಲ್ವ್, ನೀರಿನ ಮೀಟರ್. ಆಮೇಲೆ ಉದ್ದವೇ ಕಡಿಮೆಯಾಗುತ್ತದೆ. ಹೊಸ 12 ಇಂಚು ಬೀದಿಯ ತುದಿಗೆ ಬಂದು ಹಳೆಯ 4 ಇಂಚಿಗೆ ಸೇರುತ್ತದೆ. ಆಗ ನಷ್ಟವೆಲ್ಲ ಆ 4 ಇಂಚಿನಲ್ಲೇ. ಎಲ್ಲಕ್ಕಿಂತ ಕೊನೆಗೆ ಉಳಿಯುವುದು, ಹಲವು ಸಲ ಉಳಿದೇ ಹೋಗುವುದು, ಮನೆಗಳ ಕನೆಕ್ಷನ್ ಬದಲಿಸುವ ಕೆಲಸ. ಹೊಸ ಪೈಪಿನಲ್ಲಿ ನೀರು ತುಂಬಿ ನಿಂತಿರುತ್ತದೆ, ಅದರ ಪಕ್ಕದಲ್ಲೇ ಜನ ತೂತು ಬಿದ್ದ ಹಳೆಯ ಲೈನಿನಿಂದ ನೀರು ಹಿಡಿಯುತ್ತಿರುತ್ತಾರೆ.

ನಿಮ್ಮ ಸದಸ್ಯರು ಮುಂದಿನ ಸಭೆಗೆ ಹೋಗುವ ಮೊದಲು ಅವರ ಕೈಗೆ ಇಂಚಿನ ಬೇಡಿಕೆ ಕೊಡಬೇಡಿ. ಲೈನಿನ ಕೊನೆಯ ಮನೆಯಲ್ಲಿ ಬೆಳಗಿನ ಹೊತ್ತು ಎಷ್ಟು ಮೀಟರ್ ಪ್ರೆಶರ್ ಉಳಿಯುತ್ತದೆ ಎಂದು ಬರವಣಿಗೆಯಲ್ಲಿ ಕೇಳಲು ಹೇಳಿ. ನಮ್ಮ ಮನೆಗಳ ಕನೆಕ್ಷನ್ ಹೊಸ ಲೈನಿಗೆ ಹಾಕಿಕೊಡುವುದು ಇದೇ ಟೆಂಡರಿನಲ್ಲಿ ಇದೆಯೇ, ಹಳೆಯ ಲೈನ್ ಯಾವ ತಿಂಗಳು ಬಂದ್ ಮಾಡುತ್ತೀರಿ ಎಂದೂ ಕೇಳಲಿ. ಎದುರಿಗೆ ಕೂತ ಇಂಜಿನಿಯರ್ ಸ್ವಲ್ಪ ಹೊತ್ತು ಕಾಗದ ತಿರುವಿ ಹಾಕಬಹುದು. ಹಾಕಲಿ, ಕಾಯಿರಿ.